ಮನೆಯಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಆದರೂ ಲೆಕ್ಕ ತಾಳೆಯಾಗುತ್ತಿಲ್ಲ

ಪ್ರಶ್ನೆ: ನಮ್ಮದು ಸಿಂಧನೂರು ತಾಲೂಕಿನ ಒಂದು ಹಳ್ಳಿ. ಕಾಲುವೆ ನೀರಿನ ಹೊಲ ಇದೆ. ನಾವು ಮೂವರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ಅಣ್ಣ ರಾಯಚೂರಿನಲ್ಲಿ ನೌಕರಿ ಮಾಡುತ್ತಾನೆ. ತಮ್ಮ ಬೆಂಗಳೂರಿನಲ್ಲಿದ್ದಾನೆ. ನಾನು ಊರಲ್ಲೇ ಉಳಿದು ಬೇಸಾಯ ನೋಡಿಕೊಂಡೆ. ಅಪ್ಪ ಪಾರ್ಶ್ವವಾಯು ಆಗಿ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಅವರ ಸೇವೆಯನ್ನೂ ನಾನೇ ಮಾಡಿದೆ. ಹೋದ ವರ್ಷ ತೀರಿಕೊಂಡರು. ಅವ್ವ ನಮ್ಮ ಜೊತೆ ಇದ್ದಾಳೆ. ಈಗ ಪಾಲಿನ ಮಾತು ಬಂದಿದೆ. ಎಲ್ಲರೂ ಕೂತಾಗ ಅಣ್ಣ 'ಈ ಮನೆ ಎಳೆದವನು ನಾನು' ಅಂದ. ತಮ್ಮನೂ ಅದೇ ಮಾತು ಅಂದ. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ನನ್ನ ಹೆಂಡತಿಯೂ ನೀವೇ ಜಾಸ್ತಿ ಮಾಡಿದ್ದೀರಿ ಅನ್ನುತ್ತಾಳೆ. ನಮ್ಮಲ್ಲಿ ಸುಳ್ಳು ಹೇಳುತ್ತಿರುವವರು ಯಾರು? ಕಂಡುಹಿಡಿಯುವುದು ಹೇಗೆ?

ಉತ್ತರ: ಬಹುಶಃ ಯಾರೂ ಸುಳ್ಳು ಹೇಳುತ್ತಿಲ್ಲ. ಮೂವರೂ ಎದೆ ಮುಟ್ಟಿಕೊಂಡು ನಿಜವನ್ನೇ ಹೇಳುತ್ತಿದ್ದೀರಿ ಅಂತ ನನಗೆ ಅನಿಸುತ್ತದೆ. ಆದರೆ ಆ ಮೂರು ನಿಜಗಳನ್ನು ಕೂಡಿಸಿದರೆ ಮೊತ್ತ ನೂರಕ್ಕೆ ನಿಲ್ಲುವುದಿಲ್ಲ, ಅದನ್ನು ದಾಟಿ ಹೋಗುತ್ತದೆ. ನಿಮ್ಮ ಜಗಳ ಇರುವುದು ಆ ದಾಟಿದ ಭಾಗದಲ್ಲಿ.

ಬಳ್ಳಾರಿಯಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತಾ, ಮನೆಯ ಜಗಳ ಹೊತ್ತು ಬರುವವರ ಜೊತೆ ಕೂತು ಮಾತಾಡುತ್ತಾ ನನ್ನ ಬದುಕು ಸಾಗಿದೆ. ಪಾಲಿನ ಜಗಳದಲ್ಲಿ ಬೇಕಂತಲೇ ಸುಳ್ಳು ಹೇಳುವವರನ್ನು ನಾನು ಕಂಡಿದ್ದು ಕಡಿಮೆ. ತನ್ನ ಲೆಕ್ಕ ಸರಿ ಇದೆ ಅಂತ ಗಟ್ಟಿಯಾಗಿ ನಂಬಿದವರನ್ನೇ ಹೆಚ್ಚಾಗಿ ಕಂಡಿದ್ದೇನೆ. ಸುಳ್ಳು ಹೇಳುವವನಿಗೆ ಒಳಗೊಳಗೆ ಗೊತ್ತಿರುತ್ತದೆ, ಒಂದಲ್ಲ ಒಂದು ಹೊತ್ತಿಗೆ ಅವನು ಬಗ್ಗುತ್ತಾನೆ. ನಂಬಿದವನು ಬಗ್ಗುವುದಿಲ್ಲ. ಅವನ ಕಣ್ಣಿಗೆ ಎದುರಿನವನೇ ಸುಳ್ಳುಗಾರ. ಈಗ ನಿಮಗೆ ಅಣ್ಣ ಕಾಣುತ್ತಿರುವುದು ಹಾಗೆ. ಅಣ್ಣನಿಗೆ ನೀವು ಕಾಣುತ್ತಿರುವುದೂ ಹಾಗೆಯೇ.

ಇದನ್ನು ಅಳೆದು ನೋಡಿದವರು ಇದ್ದಾರೆ. 1979ರಲ್ಲಿ ಕೆನಡಾದ ಮೈಕಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಇಬ್ಬರು ಸಂಶೋಧಕರು 37 ಗಂಡ-ಹೆಂಡತಿ ಜೋಡಿಗಳನ್ನು ಬೇರೆ ಬೇರೆಯಾಗಿ ಕೂಡಿಸಿ ಕೇಳಿದರು. ಅಡುಗೆ, ಸ್ವಚ್ಛತೆ, ಮಕ್ಕಳನ್ನು ನೋಡಿಕೊಳ್ಳುವುದು, ಹೀಗೆ 20 ವಿಷಯಗಳು. ಇದರಲ್ಲಿ ನಿಮ್ಮ ಪಾಲು ಎಷ್ಟು, ನಿಮ್ಮ ಜೊತೆಯವರ ಪಾಲು ಎಷ್ಟು ಅಂತ ಪ್ರಶ್ನೆ. ಆಮೇಲೆ ಇಬ್ಬರ ಉತ್ತರವನ್ನೂ ಕೂಡಿಸಿ ನೋಡಿದರು. 20ರಲ್ಲಿ 16 ವಿಷಯಗಳಲ್ಲಿ ಮೊತ್ತ ನೂರನ್ನು ದಾಟಿತ್ತು. ನೆನಪಾದ ಉದಾಹರಣೆ ಬರೆಯಿರಿ ಅಂದಾಗ ತಾವು ಮಾಡಿದ ಕೆಲಸಗಳ ಪಟ್ಟಿಯೇ ಉದ್ದವಾಗಿತ್ತು.

ಇಷ್ಟೇ ಆಗಿದ್ದರೆ ಮನುಷ್ಯ ತನ್ನನ್ನು ತಾನೇ ಹೊಗಳಿಕೊಳ್ಳುತ್ತಾನೆ, ಅದು ಅವನ ಸ್ವಭಾವ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಆ 20 ವಿಷಯಗಳಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಮನೆಯಲ್ಲಿ ಜಗಳ ಶುರುವಾಗುವುದಕ್ಕೆ ನೀವೆಷ್ಟು ಕಾರಣ? ಅದರಲ್ಲೂ ಜನ ತಮ್ಮ ಪಾಲನ್ನು ಜಾಸ್ತಿಯೇ ಹೇಳಿಕೊಂಡರು! ಕೆಟ್ಟದ್ದರಲ್ಲೂ ತನ್ನ ಪಾಲು ದೊಡ್ಡದಾಗಿ ಕಂಡರೆ ಅದನ್ನು ಬರೀ ಅಹಂಕಾರ ಅನ್ನಲು ಆಗುವುದಿಲ್ಲ ಅಲ್ವಾ. ಈ ಒಂದು ಫಲಿತಾಂಶ ಓದಿದ ಮೇಲೆ ಮನುಷ್ಯರ ಬಗ್ಗೆ ನನ್ನ ಮನಸ್ಸು ಮೆತ್ತಗಾಯಿತು. ನಾವು ಜಂಬಗಾರರಾಗಿ ಹಾಗೆ ಮಾತಾಡುವುದಕ್ಕಿಂತ ಜಾಸ್ತಿ, ನಮಗೆ ಕಂಡಷ್ಟನ್ನೇ ಹೇಳುತ್ತೇವೆ. ಕಾಣುವುದು ನಮ್ಮದೇ ಬದುಕು.

ನಿಮ್ಮ ವಿಷಯಕ್ಕೇ ಬನ್ನಿ. ಸರದಿ ಪ್ರಕಾರ ರಾತ್ರಿ ಎರಡು ಗಂಟೆಗೆ ಕಾಲುವೆ ನೀರು ಬರುತ್ತದೆ ಅಂದರೆ ಟಾರ್ಚ್ ಹಿಡಿದು ತೂಬಿನ ಹತ್ತಿರ ಕಾದವರು ನೀವು. ಆ ಚಳಿ, ಹಾವಿನ ಭಯ, ಮೇಲಿನವರು ತೂಬು ಮುಚ್ಚಿಬಿಟ್ಟರೆ ಏನು ಗತಿ ಅನ್ನುವ ಎದೆಬಡಿತ, ಎಲ್ಲವೂ ನಿಮ್ಮ ಮೈಗೆ ಗೊತ್ತು. ಅಣ್ಣನಿಗೆ ತಲುಪಿದ್ದು 'ನೀರು ಕಟ್ಟಿದೆ' ಅನ್ನುವ ಎರಡೇ ಮಾತು. ಈಗ ತಿರುಗಿಸಿ ನೋಡಿ. ತಮ್ಮ ತಿಂಗಳಿಗೊಮ್ಮೆ ದುಡ್ಡು ಕಳಿಸುತ್ತಿದ್ದ ಅಂದುಕೊಳ್ಳಿ. ನಿಮಗೆ ತಲುಪಿದ್ದು ಫೋನ್‌ನಲ್ಲಿ ಟಿಣ್ ಅನ್ನುವ ಒಂದು ಸದ್ದು. ಬಾಡಿಗೆ ಕಟ್ಟುವ ದಿನಕ್ಕೂ ಸಂಬಳ ಬರುವ ದಿನಕ್ಕೂ ನಡುವಿನ ವಾರ ಅವನು ಹೇಗೆ ದೂಡಿದ, ಹಬ್ಬಕ್ಕೆ ಊರಿಗೆ ಬಾರದೆ ಯಾಕೆ ಅಲ್ಲೇ ಉಳಿದ ಅನ್ನುವುದು ನಿಮಗೆ ಕಂಡಿಲ್ಲ. ಅಪ್ಪನನ್ನು ರಾಯಚೂರಿನ ಆಸ್ಪತ್ರೆಗೆ ಸೇರಿಸಿದ್ದರೆ ಸ್ಕ್ಯಾನಿಂಗ್ ಕ್ಯೂ, ರಕ್ತದ ಬಾಟಲಿ, ರಜೆ ಕೊಡದ ಮೇಲಧಿಕಾರಿ, ಇದೆಲ್ಲ ಅಣ್ಣನ ತಲೆ ಮೇಲೆ ಬಂದಿರುತ್ತದೆ. ನಿಮಗೆ ನೆನಪಿರುವುದು 'ಅಪ್ಪನನ್ನು ತೋರಿಸಿಕೊಂಡು ಬಂದರು' ಅನ್ನುವಷ್ಟು. ನಮ್ಮ ಕೆಲಸದಲ್ಲಿ ಕಷ್ಟವೂ ಸೇರಿ ನೆನಪಿರುತ್ತದೆ. ಬೇರೆಯವರ ಕೆಲಸದಲ್ಲಿ ಮುಗಿದ ಕೆಲಸ ಮಾತ್ರ ನೆನಪಿರುತ್ತದೆ.

ಮನೆ ದೊಡ್ಡದಾದಷ್ಟೂ ಇದು ಬೆಳೆಯುತ್ತದೆ. 2016ರಲ್ಲಿ ಜೂಲಿಯಾನಾ ಶ್ರೋಡರ್, ಯುಜೀನ್ ಕರುಸೊ, ನಿಕೊಲಸ್ ಎಪ್ಲಿ ಎಂಬ ಸಂಶೋಧಕರು ಇದನ್ನೇ ಗುಂಪುಗಳಲ್ಲಿ ನೋಡಿದರು. ಜನ ಹೆಚ್ಚಾದಂತೆ ಎಲ್ಲರ ಪಾಲಿನ ಮೊತ್ತ ನೂರರಿಂದ ಇನ್ನೂ ದೂರ ಹೋಗುತ್ತಿತ್ತು. ಇಬ್ಬರೇ ಇದ್ದಾಗ ಇನ್ನೊಬ್ಬನ ಮುಖ ಕಣ್ಣ ಮುಂದೆ ಬರುತ್ತದೆ. ಎಂಟು ಜನ ಇದ್ದಾಗ ಒಂದು ಕಡೆ 'ನಾನು', ಇನ್ನೊಂದು ಕಡೆ 'ಅವರು' ಅಷ್ಟೇ ಉಳಿಯುತ್ತದೆ. 'ಅವರು' ಅಂದಾಗ ಏಳು ಜನರ ದುಡಿಮೆ ಒಂದೇ ಮುದ್ದೆಯಾಗಿ ಕಾಣುತ್ತದೆ. ನಮ್ಮ ಕಡೆ ಒಂದು ಮದುವೆ ಮುಗಿದ ಮರುದಿನ ಮನೆಯಲ್ಲಿ ಕೂತು ಕೇಳಿ. ಚಪ್ಪರ ಹಾಕಿಸಿದವನು, ಅಡುಗೆಯವರನ್ನು ಕರೆತಂದವನು, ಬೀಗರನ್ನು ಸಂಭಾಳಿಸಿದವಳು, ಎಲ್ಲರೂ 'ನಾ ಇರಲಿಲ್ಲಂದ್ರ ಮರ್ಯಾದಿ ಹೋಗ್ತಿತ್ತು' ಅನ್ನುತ್ತಾರೆ. ಆ ಮಾತಿನಲ್ಲಿ ಎಲ್ಲರೂ ಸರಿ. ಒಬ್ಬರು ಕೈಬಿಟ್ಟಿದ್ದರೂ ಮದುವೆ ಕೆಡುತ್ತಿತ್ತು. ಆದರೆ ನಾನಿಲ್ಲದೆ ಕೆಡುತ್ತಿತ್ತು ಅನ್ನುವುದಕ್ಕೂ ನಾನೊಬ್ಬನೇ ಮಾಡಿದೆ ಅನ್ನುವುದಕ್ಕೂ ಬಹಳ ದೂರವಿದೆ. ಬಿಸಿಯಲ್ಲಿ ಮಾತಾಡುವಾಗ ಆ ದೂರ ನಮ್ಮ ಗಮನಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯ ನಿಮಗೆ ಚೆನ್ನಾಗಿ ಗೊತ್ತಿರುವ ಜಾಗದ್ದೇ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದ್‌ನಿಂದ ಹೊರಟು 227 ಕಿಲೋಮೀಟರ್ ಹರಿಯುತ್ತದೆ. ಗಂಗಾವತಿ, ಕಾರಟಗಿ ಕಡೆ ಮೇಲ್ಭಾಗದ ರೈತರನ್ನು ಮಾತಾಡಿಸಿ. ಗೊಬ್ಬರದ ದರ, ಭತ್ತಕ್ಕೆ ಬಾರದ ಬೆಲೆ, ಸವುಳು ಹಿಡಿದ ನೆಲ, ಇದೇ ಮಾತು. ನೀರು ಸಿಗುತ್ತದೆ ಅನ್ನುವ ಮಾತು ಅವರ ಬಾಯಿಂದ ತಾನಾಗಿ ಬರುವುದಿಲ್ಲ. ಮಾನ್ವಿ, ರಾಯಚೂರು ಕಡೆ ಕೊನೆ ಭಾಗದವರನ್ನು ಮಾತಾಡಿಸಿ. ನೀರು, ನೀರು, ನೀರು. ಮೇಲಿನವರಿಗೆ ನೀರು ಹರಿದು ಬರುತ್ತಿರುವುದು ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಅದು ದಿನವೂ ಇದೆ. ಕೆಳಗಿನವರಿಗೆ ಬಾರದ ನೀರು ಗಳಿಗೆಗೊಮ್ಮೆ ನೆನಪಾಗುತ್ತದೆ. ಇದೇ ಗುಣವನ್ನು ಶಾಯ್ ಡೇವಿಡೈ ಮತ್ತು ಥಾಮಸ್ ಗಿಲೊವಿಚ್ 2016ರಲ್ಲಿ ಅಧ್ಯಯನ ಮಾಡಿ ಬರೆದರು. ಅಡ್ಡ ಬಂದದ್ದು ನೆನಪಿರುತ್ತದೆ, ಬೆನ್ನಿಗೆ ನಿಂತದ್ದು ಮರೆಯುತ್ತದೆ. ಅವರು ಒಡಹುಟ್ಟಿದವರನ್ನೂ ಕೇಳಿದ್ದರು. ಅಪ್ಪ-ಅವ್ವ ನನ್ನ ಮೇಲೇ ಜಾಸ್ತಿ ಬಿಗಿ ಮಾಡಿದರು ಅಂತ ದೊಡ್ಡವರಿಗೂ ಅನಿಸುತ್ತದೆ, ಚಿಕ್ಕವರಿಗೂ ಅನಿಸುತ್ತದೆ.

ನಿಮ್ಮ ಅಣ್ಣನಿಗೆ 'ಸಣ್ಣವನಿದ್ದಾಗಲೇ ಜವಾಬ್ದಾರಿ ಹೊರಿಸಿದರು' ಅನ್ನುವ ನೋವು ಇರಬಹುದು. ತಮ್ಮನಿಗೆ 'ಎಲ್ಲ ಹಳೆಯದೇ ನನಗೆ ಸಿಕ್ಕಿತು' ಅಂತ. ನಿಮಗೆ 'ನನ್ನನ್ನು ಊರಲ್ಲೇ ಉಳಿಸಿಬಿಟ್ಟರು' ಅಂತ. ಆದರೆ ಊರಲ್ಲಿ ಉಳಿದವನಿಗೆ ಸ್ವಂತ ಮನೆ, ಸ್ವಂತ ಅಕ್ಕಿ-ಜೋಳ, ಅವ್ವನ ಕೈ ಊಟ ಸಿಕ್ಕಿತು. ಊರು ಬಿಟ್ಟು ದುಡಿಯಲು ಹೋದವನಿಗೆ ತಿಂಗಳ ಸಂಬಳ ಸಿಕ್ಕಿತು. ಎರಡೂ ನಿಜ. ಇವತ್ತು ಕೂತು ಮಾತಾಡುವಾಗ ಇವೆರಡೂ ಯಾರ ಬಾಯಲ್ಲೂ ಬರುತ್ತಿಲ್ಲ.

ಹಾಗಂತ ಎಲ್ಲವೂ ಮನಸ್ಸಿನ ಆಟ, ಎಲ್ಲರೂ ಸಮ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಅದು ಅನ್ಯಾಯದ ಮಾತಾಗುತ್ತದೆ. ಕಾಲುವೆಯದ್ದನ್ನೇ ನೋಡಿ. ಆ ಯೋಜನೆಯಲ್ಲಿ ಬಹುಪಾಲು ನೆಲಕ್ಕೆ ಕಡಿಮೆ ನೀರಿನ ಬೆಳೆ ಅಂತ ಇತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೊನೆ ಭಾಗಕ್ಕೆ ನೀರು ತಲುಪುವುದು ಕಷ್ಟವಾಯಿತು. ಕೊನೆ ಭಾಗದ ರೈತನ ದೂರು ಬರೀ ಅನಿಸಿಕೆಯಲ್ಲ. ಮನೆಯಲ್ಲೂ ಹಾಗೆ. ಕೆಲವರು ನಿಜವಾಗಿಯೂ ಜಾಸ್ತಿ ಮಾಡಿರುತ್ತಾರೆ.

ಈ ಮಾತಿನಲ್ಲಿ ನಾನು ನಿಮ್ಮನ್ನು ಸ್ವಲ್ಪ ನೋಯಿಸಬೇಕಾಗುತ್ತದೆ. 'ಅಪ್ಪನ ಸೇವೆಯನ್ನೂ ನಾನೇ ಮಾಡಿದೆ' ಅಂತ ಬರೆದಿದ್ದೀರಿ. ಪಾರ್ಶ್ವವಾಯು ಆದವರನ್ನು ಎರಡು ವರ್ಷ ನೋಡಿಕೊಳ್ಳುವುದು ಅಂದರೆ ಏನು ಅಂತ ನನಗೆ ಗೊತ್ತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಗಂಜಿ ಗಂಟಲಲ್ಲಿ ಸಿಗದ ಹಾಗೆ ಚಮಚದಲ್ಲಿ ಕುಡಿಸಬೇಕು. ಹಾಸಿಗೆ ಬಟ್ಟೆ ದಿನಕ್ಕೆ ನಾಲ್ಕು ಸಲ ಒಗೆಯಬೇಕು. ನೀವು ಹಗಲು ಹೊಲದಲ್ಲಿದ್ದಿರಿ. ಹಾಗಾದರೆ ಇದನ್ನೆಲ್ಲ ಮಾಡಿದವರು ಯಾರು? ನಿಮ್ಮ ಅವ್ವ ಮತ್ತು ನಿಮ್ಮ ಹೆಂಡತಿ ಅಲ್ವಾ? ಪತ್ರದಲ್ಲಿ ಹೆಂಡತಿ ಬರುವುದು ನಿಮಗೆ ಸಾಕ್ಷಿ ಹೇಳುವುದಕ್ಕೆ. ಅವ್ವ ಬರುವುದು 'ನಮ್ಮ ಜೊತೆ ಇದ್ದಾಳೆ' ಅನ್ನುವುದಕ್ಕೆ. ತಂಗಿಯ ಬಗ್ಗೆ 'ಒಬ್ಬಳು ತಂಗಿ' ಅನ್ನುವುದು ಬಿಟ್ಟು ಒಂದಕ್ಷರವೂ ಇಲ್ಲ. ಮೂವರು ಗಂಡಸರು ತಕ್ಕಡಿ ಹಿಡಿದಿದ್ದೀರಿ, ತಕ್ಕಡಿಯಲ್ಲಿ ಗಂಡಸರ ದುಡಿಮೆ ಮಾತ್ರ ಇದೆ.

ಇದು ನಿಮ್ಮೊಬ್ಬರ ತಪ್ಪಲ್ಲ, ಇಡೀ ದೇಶದ ಲೆಕ್ಕವೇ ಹೀಗಿದೆ. 2019ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಕೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮನೆಕೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಇದು ಏನಾದರೂ ಮನೆಕೆಲಸ ಮಾಡುವವರ ಲೆಕ್ಕ ಮಾತ್ರ. ಅಂಥ ಗಂಡಸರು ನೂರಕ್ಕೆ ಸುಮಾರು 26, ಹೆಂಗಸರು ಸುಮಾರು 81. ನಿಮ್ಮ ಮನೆಯಲ್ಲಿ ಯಾರು ಜಾಸ್ತಿ ಮಾಡಿದರು ಅಂತ ಹಟ ಹಿಡಿದು ಹುಡುಕಿದರೆ, ಉತ್ತರ ನೀವು ಮೂವರಲ್ಲಿ ಸಿಗದೇ ಹೋಗಬಹುದು.

ಹೆಂಡತಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಣ್ಣತಮ್ಮಂದಿರು ಒಡೆಯುವುದು ಸೊಸೆಯಂದಿರಿಂದ ಅಂತ ನಮ್ಮ ಕಡೆ ಸುಲಭವಾಗಿ ಅಂದುಬಿಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ರಾತ್ರಿ ಊಟ ಆದಮೇಲೆ ಗಂಡ ತನ್ನ ದಿನದ ಕಷ್ಟ ಹೇಳಿಕೊಳ್ಳುತ್ತಾನೆ. ಅಣ್ಣನ ಕಷ್ಟ ಹೇಳುವುದಿಲ್ಲ, ಅದು ಅವನಿಗೂ ಗೊತ್ತಿಲ್ಲ. ಹತ್ತು ವರ್ಷ ಹೀಗೆ ಒಂದೇ ಕಡೆಯ ಮಾತು ಕೇಳಿದವಳು 'ನೀವೇ ಜಾಸ್ತಿ ಮಾಡಿದ್ದೀರಿ' ಅನ್ನದೆ ಇನ್ನೇನು ಅನ್ನಬೇಕು? ನೀವು ಕೊಟ್ಟ ಮಾತನ್ನೇ ಅವಳು ತಿರುಗಿ ಕೊಡುತ್ತಿದ್ದಾಳೆ. ನಿಮ್ಮ ಅಣ್ಣನ ಮನೆಯಲ್ಲೂ ಇದೇ ನಡೆಯುತ್ತಿರುತ್ತದೆ. ಹಾಗಾಗಿ ಹೆಂಡತಿಯ ಒಪ್ಪಿಗೆಯನ್ನು ಪ್ರೀತಿ ಅಂತ ತೆಗೆದುಕೊಳ್ಳಿ. ಸಾಕ್ಷಿ ಅಂತ ತೆಗೆದುಕೊಳ್ಳಬೇಡಿ.

ಇಷ್ಟು ವರ್ಷ ಇಲ್ಲದ ಲೆಕ್ಕ ಈಗ ಯಾಕೆ ಬಂತು ಅಂತಲೂ ಯೋಚಿಸಿ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ದಾಸೋಹಕ್ಕೆ ರೊಟ್ಟಿ ಹೋಗುತ್ತದೆ. ಮನೆಮನೆಯಲ್ಲಿ ಬಡಿದ ಜೋಳದ ರೊಟ್ಟಿ ಗಾಡಿ ತುಂಬಿಕೊಂಡು ಹೋಗುತ್ತದೆ. ಯಾರ ಮನೆಯದು ಎಷ್ಟು ಅಂತ ಜಗಳ ಆಗಿದ್ದನ್ನು ನಾನು ಕೇಳಿಲ್ಲ. ಅಲ್ಲಿ ಹಂಚಿಕೊಳ್ಳಬೇಕಾದ ಆಸ್ತಿ ಇಲ್ಲ, ತಿರುಗಿ ಪಡೆಯುವ ಮಾತಿಲ್ಲ. ಪಾಲಿನ ದಿನ ಹಾಗಲ್ಲ. ಪ್ರೀತಿಯಿಂದ, ಕರ್ತವ್ಯ ಅಂತ, ಕೆಲವೊಮ್ಮೆ ಬೇರೆ ದಾರಿ ಇಲ್ಲದೆ ಮಾಡಿದ ಕೆಲಸಕ್ಕೆಲ್ಲ ಹಿಂದಿನ ತಾರೀಖಿನಿಂದ ಕೂಲಿ ಕಟ್ಟುವ ದಿನ ಅದು. ಆಗ ಪ್ರತಿಯೊಬ್ಬರೂ ತಮ್ಮ ನೆನಪಿನ ಚೀಲ ಬಿಚ್ಚುತ್ತಾರೆ. 'ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು' ಅನ್ನುವ ಗಾದೆಯನ್ನು ಜನ ಶಾಪದ ಹಾಗೆ ಹೇಳುತ್ತಾರೆ. ಬೆಳೆಯುತ್ತಾ ಆಗುವುದು ದ್ವೇಷವಲ್ಲ ಅಂತ ನನಗೆ ಅನಿಸುತ್ತದೆ. ಬೆಳೆಯುತ್ತಾ ಬೇರೆ ಬೇರೆ ಊರಿಗೆ ಹೋಗುತ್ತೇವೆ, ಒಬ್ಬರ ಕಷ್ಟ ಇನ್ನೊಬ್ಬರ ಕಣ್ಣಿಗೆ ಬೀಳುವುದು ನಿಲ್ಲುತ್ತದೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ನಿಮಗೂ ನಿದ್ದೆ ಬಂದಿರಲಿಕ್ಕಿಲ್ಲ. ಅದನ್ನು ಮುಚ್ಚಲು ಹಿಡಿದ ಆ ವಾರ ಮೇಲಿನವರು ಕೆಳಗಿನವರು ಎಲ್ಲರಿಗೂ ಒಂದೇ ಚಿಂತೆ. ಅಪ್ಪ ಬಿದ್ದ ದಿನ ನಿಮ್ಮ ಮನೆಯೂ ಹಾಗೆಯೇ ಇದ್ದಿರಬೇಕು. ಯಾರು ಎಷ್ಟು ಅಂತ ಆವತ್ತು ಯಾರೂ ಕೇಳಿರಲಿಕ್ಕಿಲ್ಲ.

ಈಗ ಏನು ಮಾಡಬೇಕು ಅಂತ ಹೇಳುತ್ತೇನೆ.

ಪಾಲಿನ ಮಾತನ್ನೂ ದುಡಿಮೆಯ ಮಾತನ್ನೂ ಒಂದೇ ದಿನ ಆಡಬೇಡಿ. ಪಂಚರು ಇಲ್ಲದ ಒಂದು ದಿನ, ಮಕ್ಕಳನ್ನು ಹೊರಗೆ ಕಳಿಸಿ, ಮನೆಯವರಷ್ಟೇ ಕೂತುಕೊಳ್ಳಿ. ತಂಗಿ ಇರಬೇಕು, ಅವ್ವ ಇರಬೇಕು, ಸೊಸೆಯಂದಿರೂ ಇರಬೇಕು. ಪ್ರತಿಯೊಬ್ಬರೂ ತಮ್ಮ ಕೆಲಸ ಹೇಳುವಂತಿಲ್ಲ. ಉಳಿದವರಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಅವರು ಏನು ಮಾಡಿದರು ಅಂತಲೇ ಹೇಳಬೇಕು. ಗೊತ್ತಿಲ್ಲದಿದ್ದರೆ ಕೇಳಬೇಕು. 'ಅಪ್ಪ ಆಸ್ಪತ್ರೆಯಲ್ಲಿದ್ದಾಗ ನೀನು ಎಲ್ಲಿ ಮಲಗುತ್ತಿದ್ದೆ?' ಅಂತ ಅಣ್ಣನನ್ನು ಕೇಳಿ ನೋಡಿ. ಆ ಒಂದು ಪ್ರಶ್ನೆಗೆ ಬರುವ ಉತ್ತರವೇ ಬಹಳಷ್ಟನ್ನು ಸಡಿಲ ಮಾಡುತ್ತದೆ. ಶೇಕಡಾ ಎಷ್ಟು ಅನ್ನುವ ಮಾತು ಮಾತ್ರ ಬೇಡವೇ ಬೇಡ.

ಇದರಲ್ಲಿ ಒಂದು ಅಪಾಯ ಇದೆ, ಅದನ್ನು ಮುಚ್ಚಿಡಬಾರದು. 2006ರಲ್ಲಿ ಕರುಸೊ, ಎಪ್ಲಿ ಮತ್ತು ಮ್ಯಾಕ್ಸ್ ಬೇಜರ್‌ಮನ್ ಇದನ್ನು ಪರೀಕ್ಷಿಸಿದ್ದರು. ಜೊತೆಗಾರರ ಕೆಲಸವನ್ನು ಒಬ್ಬೊಬ್ಬರದ್ದಾಗಿ ನೆನೆದವರು ತಮ್ಮ ಪಾಲನ್ನು ಹಿಗ್ಗಿಸಿ ಹೇಳುವುದು ಕಡಿಮೆಯಾಯಿತು. ಆದರೆ ನಿಜವಾಗಿ ಜಾಸ್ತಿ ದುಡಿದಿದ್ದವರಿಗೆ ಇನ್ನು ಇವರ ಜೊತೆ ಕೆಲಸ ಮಾಡುವ ಉತ್ಸಾಹವೂ ಕಡಿಮೆಯಾಯಿತು. ನಿಮ್ಮ ಮನೆಯಲ್ಲೂ ಒಬ್ಬರಿಗೆ 'ಇವರೆಲ್ಲ ಇಷ್ಟೇನಾ ಮಾಡಿದ್ದು' ಅಂತ ಅನಿಸಬಹುದು. ಹಾಗೆ ಅನಿಸಿದರೆ ಅದನ್ನು ಹೇಳಲು ಬಿಡಿ. ತಡೆಯಬೇಡಿ. ಆ ಮಾತು ನಿಮ್ಮ ಹೆಂಡತಿಯಿಂದ ಬಂದರೆ ಇನ್ನೂ ಗಮನವಿಟ್ಟು ಕೇಳಿ.

ಎಣಿಸಬಹುದಾದದ್ದನ್ನು ಬೇರೆಯಾಗಿ ಎಣಿಸಿ. ಆಸ್ಪತ್ರೆ ಬಿಲ್ಲು, ಹೊಲದ ಮೇಲಿನ ಸಾಲ, ನೀವು ನೆಲ ಸಮ ಮಾಡಿಸಿದ್ದರೆ ಅದರ ಖರ್ಚು, ಇವಕ್ಕೆ ಚೀಟಿ ಇರುತ್ತದೆ. ಅದರ ಮೇಲೆ ನಿಮಗೆ ಬರಬೇಕಾದದ್ದು ಇದೆ ಅನಿಸಿದರೆ ನೇರವಾಗಿ ಕೇಳಿ. ಬೇಸಾಯ ಮುಂದೆಯೂ ನಿಮ್ಮದೇ ಆಗಿರುವುದರಿಂದ ತೂಬಿನ ಹತ್ತಿರದ ಭಾಗ ನನಗಿರಲಿ ಅನ್ನುವುದೂ ತಪ್ಪಲ್ಲ. ಆದರೆ ಅದನ್ನು ಕೋರಿಕೆಯಾಗಿ ಇಡಿ. 'ನೀವೇನು ಮಾಡಿದ್ದೀರಿ' ಅಂತ ಶುರು ಮಾಡಿದರೆ ಎಕರೆ ಸಿಕ್ಕರೂ ಅಣ್ಣ ಸಿಗುವುದಿಲ್ಲ.

ಹಾಗೇ ಕಾನೂನು ದುಡಿಮೆಯನ್ನು ತೂಗುವುದಿಲ್ಲ ಅನ್ನುವುದೂ ನೆನಪಿರಲಿ. ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮಗೆ ಅನ್ವಯಿಸುವುದಾದರೆ, 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ತಂಗಿಗೂ ನಿಮ್ಮಷ್ಟೇ ಹಕ್ಕಿದೆ. ಮದುವೆ ಮಾಡಿಕೊಟ್ಟಿದ್ದೇವೆ ಅನ್ನುವುದರಿಂದ ಅದು ಹೋಗುವುದಿಲ್ಲ. ಅವ್ವನಿಗೂ ಹಕ್ಕಿದೆ. ಎಷ್ಟು ಅನ್ನುವುದು ಆಸ್ತಿ ಪಿತ್ರಾರ್ಜಿತವೋ ಅಪ್ಪನ ಸ್ವಂತ ಗಳಿಕೆಯೋ ಅನ್ನುವುದರ ಮೇಲೆ ಬದಲಾಗುತ್ತದೆ, ಒಬ್ಬ ವಕೀಲರನ್ನು ಕೇಳಿ. ತಂಗಿಯಿಂದ ಸುಮ್ನೆ ಒಂದು ಸಹಿ ಹಾಕಿಸಿಕೊಂಡರಾಯಿತು ಅನ್ನುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿ. ಹಾಗೆ ಸಹಿ ಹಾಕಿ ತವರಿಗೆ ಕಾಲಿಡುವುದನ್ನೇ ನಿಲ್ಲಿಸಿದ ಹೆಣ್ಣುಮಕ್ಕಳನ್ನು ನಾನು ಬಲ್ಲೆ.

ಇವೆಲ್ಲಕ್ಕಿಂತ ಮೊದಲು ಹಂಚಬೇಕಾದದ್ದು ಇನ್ನೊಂದಿದೆ. ನೀವೆಲ್ಲ ಆಗಿಹೋದ ಕೆಲಸದ ಬಗ್ಗೆ ಜಗಳ ಆಡುತ್ತಿದ್ದೀರಿ. ಮುಂದೆ ಬರುವ ಕೆಲಸ ಹಾಗೇ ಇದೆ. ಅವ್ವನಿಗೆ ವಯಸ್ಸಾಗುತ್ತಿದೆ. ಕಣ್ಣಿನ ಆಪರೇಷನ್ ಆದರೆ ಯಾರು ಹೋಗುತ್ತಾರೆ? ತಿಂಗಳ ಔಷಧಿ ಯಾರ ಖರ್ಚು? ನಾಟಿ ಸಮಯದಲ್ಲಿ ನಿಮ್ಮ ಹೆಂಡತಿಗೆ ಕೈ ಬಿಡುವಿಲ್ಲದಾಗ ಅವ್ವ ಎಲ್ಲಿರಬೇಕು? ಇದನ್ನು ಹೊಲ ಅಳೆಯುವುದಕ್ಕೆ ಮುಂಚೆ ಕೂತು ಮಾತಾಡಿ, ತಿಂಗಳು ಸಮೇತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬರೆಯುವ ಮುಂಚೆ ಅವ್ವನನ್ನೇ ಕೇಳಿ, ಅವಳಿಗೆ ಎಲ್ಲಿರಲು ಇಷ್ಟ ಅಂತ.